ವಾಸನೆಯಿಲ್ಲದ ಬಾಯಿ

"ಬಾಯಿ ತೆಗಿಯೋ. ಇನ್ನೂ ಅಗಲಕ್ಕೆ ತೆಗಿ. ಹೆಂಡ್ತಿ ಮುಂದೆ ನಾಚ್ಕೆ ಆಗುತ್ತಾ ನಿಂಗೆ?"

ಕುಡಿತ ಬಿಡಿಸುವ ವಾರ್ಡಿನ ಸೂಪರ್‌ವೈಸರು ಕರವಸ್ತ್ರದಿಂದ ಮೂಗಿನ ಒಂದು ಹೊಳ್ಳೆ ಮುಚ್ಚಿಕೊಂಡು, ಇನ್ನೊಂದನ್ನು ಅವನ ಬಾಯಿಯ ಹತ್ತಿರ ತಂದ. ಎತ್ತಿನ ಹಲ್ಲು ಹಿಡಿದು ನೋಡುವ ದಲ್ಲಾಳಿಯೂ ಅಷ್ಟು ಅಸಹ್ಯಪಡುವುದಿಲ್ಲ. ಮೂಸಿದ, ಮತ್ತೆ ಮೂಸಿದ, ಹಿಂದಕ್ಕೆ ಸರಿದ.

"ಇವ್ನು ಕುಡಿದೇ ಇಲ್ಲ."

"ಹೂಂ ಸ್ವಾಮಿ," ಎಂದಳು ಅವನ ಹೆಂಡತಿ ಬಜಾರಿ ಹಿಗ್ಗಿನಿಂದ. "ಒಂದು ತೊಟ್ಟೂ ಮುಟ್ಟಿಲ್ಲ. ನಾನೇ ಬಾಗ್ಲು ಹಾಕ್ಕೊಂಡು ಕಾದಿದೀನಿ."

"ಮತ್ತೆ ಇಲ್ಲಿಗ್ಯಾಕೆ ಕರ್ಕೊಂಡ್ ಬಂದೆ? ಜ್ವರ ಇಲ್ದೋನಿಗೆ ಜ್ವರದ ಮಾತ್ರೆ ಕೊಡ್ತಾರಾ? ಇಲ್ಲಿ ಹಾಸಿಗೆ ಕುಡುಕರಿಗೆ. ಕುಡಿದು ಬರ್ಬೇಕು, ಮೆಷೀನಿಗೆ ಊದ್ಬೇಕು, ನಂಬರ್ ತೋರಿಸ್ಬೇಕು. ಆಗ ಒಳಗೆ. ರೂಲು."

ಬಾಗಿಲ ಹತ್ತಿರ ಕೂತಿದ್ದ ವಾಚ್‌ಮನ್ನು ಕಿಸಕ್ಕೆಂದು ನಕ್ಕ.

ಆ ಆಸ್ಪತ್ರೆಯ ಕಾರಿಡಾರುಗಳನ್ನೆಲ್ಲ ಗುಡಿಸಿ ಒರೆಸುವವಳೇ ಅವಳು. ಬಜಾರಿ ಅಂತ ಹೆಸರಿಟ್ಟವರೂ ಆಸ್ಪತ್ರೆಯವರೇ; ಒಮ್ಮೆ ಕೂಲಿ ಹಿಡಿದಿಟ್ಟುಕೊಂಡ ಮೇಸ್ತ್ರಿಗೆ ಪೊರಕೆ ತೋರಿಸಿದ್ದಳಂತೆ, ಅಷ್ಟಕ್ಕೆ. ಅವಳ ಗಂಡ ಹಿಂದುಗಡೆಯ ಶವಾಗಾರದಲ್ಲಿ ಹೆಣ ಕೊಯ್ಯುವವನು. ಅವನಿಗೆ ಎಲ್ಲರೂ ಹೆಣದಯ್ಯ ಅನ್ನುತ್ತಿದ್ದರು. ಅನ್ನುವಾಗ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದರು.

ಗಾಜಿನ ಬಾಗಿಲಾಚೆ ಹೊಸ ಮಂಚಗಳು ಸಾಲಾಗಿದ್ದವು. ಮಲಗಿದ್ದವರು ಇಬ್ಬರೋ ಮೂವರೋ. ಗೋಡೆಯ ಮೇಲೆ ಆನೆಗಾತ್ರದ ಬೋರ್ಡು: ಸರ್ಕಾರದ ಹಣದಲ್ಲಿ, ಜಿಲ್ಲೆಯ ಸಮಸ್ತರಿಗೂ ಉಚಿತ ಚಿಕಿತ್ಸೆ. ಇಡೀ ಜಿಲ್ಲೆಗೆ ಇದ್ದದ್ದು ಇದೊಂದೇ ವಾರ್ಡು. ಬಸ್ಸಿನಲ್ಲಿ ಅರ್ಧ ದಿನ ಕೂತು ಬರುವವರೂ ಇದ್ದರು. ಇವರು ಬಂದದ್ದು ಒಂದು ಮಹಡಿಯ ಮೆಟ್ಟಿಲು ಹತ್ತಿ, ಅಷ್ಟೆ. ಆದರೂ ದೂರವಾಯಿತು ನೋಡಿ!

"ಹಾಸಿಗೆ ಎಲ್ಲಾ ಖಾಲಿ ಬಿದ್ದಾವಲ್ಲ ಸ್ವಾಮಿ," ಎಂದಳು.

"ಖಾಲಿ ಇದ್ರೆ? ಹೆಣ ಮುಟ್ಟೋ ಕೈನ ತಂದು ಮಲಗಿಸ್ಲಾ? ಪಕ್ಕದಲ್ಲಿ ಮರ್ಯಾದಸ್ಥರು ಮಲಗೋದು ಬೇಡ್ವಾ? ಹೋಗ್ಹೋಗು, ಕುಡಿಸ್ಕೊಂಡು ಬಾ, ಆಮೇಲೆ ನೋಡಣ."

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನೀವೇ ಸ್ವಾಮಿ."

"ಏಯ್! ನಾಲ್ಗೆ ಬಿಗಿಹಿಡಿ. ಗುಡಿಸೋ ಮುಂಡೆಗೆ ಇಷ್ಟು ಕೊಬ್ಬಾ?"

ಹೆಣದಯ್ಯ ಅವಳ ಸೆರಗು ಜಗ್ಗಿದ. "ನಡಿಯೇ, ಹೋಗಣ." ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಸೆರಗೂ ನಡುಗಿತು.

ತಪ್ಪು ಯಾರದು ಅಂತ ಕೇಳಿದರೆ ಅವಳು ತನ್ನದೇ ಅನ್ನುತ್ತಾಳೆ. ಮಗಳು ಹೆತ್ತಳೆಂದು ಇಬ್ಬರೂ ನೋಡಲು ಹೋಗಿದ್ದರು. ಹೆಣದಯ್ಯ ಮಗುವಿಗೆಂದು ಕೈ ಚಾಚಿದ. ಮಗಳು ಆ ಕೈಯನ್ನೊಮ್ಮೆ ನೋಡಿ, ಮಗುವನ್ನು ಇನ್ನೂ ಎದೆಗೆ ಒತ್ತಿಕೊಂಡು, "ಬೇಡಪ್ಪಾ, ಬೀಳಿಸ್ಬಿಡ್ತೀಯ," ಅಂದಳು. ಮೆಲ್ಲಗೇ ಅಂದಳು, ಪಾಪ. ವಾಪಸು ಬಂದವನು ಮನೆಯ ಹೊಸ್ತಿಲಲ್ಲಿ ಕೂತು, "ನನ್ ಕೈಗೆ ಕೊಡ್ಲಿಲ್ಲ ಕಣೇ," ಎಂದು ಬಿಕ್ಕಿ ಬಿಕ್ಕಿ ಅತ್ತ. ಮದುವೆಯಾದಾಗಿನಿಂದ ಅವಳು ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಅಳುವುದಕ್ಕೆ ಮೊದಲೇ ಕುಡಿಯುತ್ತಿದ್ದನಲ್ಲ!

ಕುಡಿಸಿದವರು ಯಾರು? ಅವನ ಅಪ್ಪನೂ ಅದೇ ಶವಾಗಾರದಲ್ಲಿ ಕೊಯ್ದು ಸತ್ತವನು. ಅಪ್ಪನ ಕೆಲಸಕ್ಕೆ ಮಗ ನಿಂತ ದಿನ ಆಗಿನ ಡಾಕ್ಟರು ಅವನ ಕೈಗೆ ಮೊದಲು ಕೊಟ್ಟದ್ದು ಚಾಕುವಲ್ಲ, ಬಾಟಲಿ. ಅಂದಿನಿಂದ ಅದೇ ಪದ್ಧತಿ. ಹೆಣ ಬರುತ್ತಿದ್ದಂತೆ ಕಿಟಕಿಯ ಕಟ್ಟೆಯ ಮೇಲೆ ಬಾಟಲಿ ಬರುತ್ತದೆ, ಅದು ಖಾಲಿಯಾದ ಮೇಲೆ ಚಾಕು ಏಳುತ್ತದೆ, ಡಾಕ್ಟರು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಬರೆದುಕೊಳ್ಳುತ್ತಾರೆ. ಡಾಕ್ಟರುಗಳು ಬದಲಾದರು. ಬಾಟಲಿ ಬದಲಾಗಲಿಲ್ಲ.

"ಮೇಲ್ಗಡೆ ವಾರ್ಡಲ್ಲಿ ಬಿಡಿಸ್ತಾರಂತೆ," ಎಂದಿದ್ದಳು ಬಜಾರಿ. "ಆದ್ರೆ ಹೆಂಡ ನಾರ್ತಾ ಹೋದ್ರೆ ಬಾಗ್ಲಲ್ಲೇ ಓಡಿಸ್ತಾರೆ. ದೊಡ್ಡೋರ ಮನೆಗೆ ಹೋಗೋವಾಗ ಮೈ ತೊಳ್ಕೊಂಡು ಹೋಗಲ್ವಾ? ಹಂಗೇ." ಹುಟ್ಟಿದಾಗಿನಿಂದ ನಾತಕ್ಕೇ ಬೈಸಿಕೊಂಡವರು; ಆಸ್ಪತ್ರೆಗೆ ರೋಗ ಹೊತ್ತುಕೊಂಡೇ ಹೋಗಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಮನೆಯಲ್ಲಿದ್ದ ಹೆಂಡವನ್ನೆಲ್ಲ ಬಚ್ಚಲಿಗೆ ಸುರಿದಳು. ಬೆವರಿದ, ವಾಂತಿ ಮಾಡಿದ, ಗೋಡೆಯ ಮೇಲೆ ಇರುವೆ ಇರುವೆ ಎಂದು ಕಿರುಚಿದ. ಅವಳು ಹಣೆ ಒರೆಸುತ್ತ, "ತಡ್ಕೋ ಅಯ್ಯಾ, ತಡ್ಕೋ, ಮೊಮ್ಮಗಳು ಕಾಯ್ತಾಳೆ," ಎನ್ನುತ್ತಲೇ ಇದ್ದಳು. ತಡೆದುಕೊಂಡ. ಈವತ್ತು ಬೆಳಿಗ್ಗೆ ಸ್ನಾನ ಮಾಡಿಸಿ, ಒಗೆದ ಅಂಗಿ ಹಾಕಿಸಿ ಕರೆತಂದಿದ್ದಳು.

ಮೆಟ್ಟಿಲಿಳಿಯುವಾಗ ವಾಚ್‌ಮನ್ನು ಹಿಂದೆಯೇ ಓಡಿಬಂದ. ಅವನ ಕಂಕುಳಲ್ಲಿ ಕಾಗದ ಸುತ್ತಿದ ಬಾಟಲಿ.

"ಹೆಣದಯ್ಯಾ, ನೀರಲ್ಲಿ ಬಿದ್ದಿದ್ದು ಒಂದು ಬಂದಿದೆ. ದೊಡ್ಡ ಡಾಕ್ಟರು ಕಾಯ್ತಾವ್ರೆ. ಬೇಗ ಹಾಕ್ಕೊಂಡು ಬರ್ಬೇಕಂತೆ."

ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು ಹೋದ.

ಬಜಾರಿ ಬಾಟಲಿ ನೋಡಿದಳು, ಮೇಲಿನ ಗಾಜಿನ ಬಾಗಿಲು ನೋಡಿದಳು, ಗಂಡನ ಮುಖ ನೋಡಿದಳು. ಅವನ ಮುಖ ಸುಣ್ಣದಂತೆ ಬಿಳಿಚಿತ್ತು. ಅವಳು ಕೂತು ಮುಚ್ಚಳ ತಿರುಗಿಸಿದಳು.

"ಕುಡಿ."

"ಏನಂದೆ?"

"ಕುಡಿ ಅಂದೆ. ಒಂದೇ ಗುಟುಕು. ವಾಸನೆ ಬಂದ್ರೆ ಸಾಕು. ಈಗ್ಲೇ ಮೇಲೆ ಹೋಗಣ. ಆ ಬೋಳಿಮಗ ಮೂಸ್ಲಿ."

ಹೆಣದಯ್ಯ ಅವಳನ್ನೇ ದಿಟ್ಟಿಸಿದ. ಆಮೇಲೆ ನಕ್ಕ. "ಬಚ್ಚಲಿಗೆ ಸುರಿದೋಳು ನೀನೇ ಅಲ್ವೇನೇ?"

"ಹೂಂ, ನಾನೇ. ಬಾಯಿಗೂ ನಾನೇ ಸುರೀತೀನಿ. ನಿನ್ನ ಕಾಲಿಗೆ ಬೀಳ್ತೀನಿ, ಕುಡಿಯೋ!"

"ಇಲ್ಲ ಕಣೇ." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಒಂದು ಗುಟುಕು ಅಂದ್ರೆ ನಂಗೆ ಒಂದು ಬಾಟ್ಲಿ. ನಂಗೊತ್ತಲ್ಲ ನನ್ನ ಬಾಳು. ಇಷ್ಟು ದೂರ ಈಜಿ ಬಂದಿದೀನಿ. ಹಾಸಿಗೆ ಕೊಡ್ದಿದ್ರೆ ಕತ್ತೆ ಬಾಲ. ಮನೇಲೇ ಮಲಗ್ತೀನಿ. ನೀನು ಹಿಂಗೇ ಹಣೆ ಒರಸ್ತಾ ಇರು. ಮುಂದಿನ ವಾರ ಮಗೂನ ಎತ್ಕೋಬೇಕು..."

ಮಾತು ಮುಗಿಯಲಿಲ್ಲ. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಮೈ ಸೆಟೆಯಿತು, ತಲೆ ಮೆಟ್ಟಿಲ ಅಂಚಿಗೆ ಬಡಿಯಿತು. ಬಾಯಲ್ಲಿ ನೊರೆ. ಅವಳು ಅವನ ತಲೆ ತೊಡೆಗೆ ಎಳೆದುಕೊಂಡು ಆಸ್ಪತ್ರೆ ಕಿತ್ತುಹೋಗುವ ಹಾಗೆ ಕೂಗಿದಳು. ಗಾಜಿನ ಬಾಗಿಲು ತೆರೆದು ಸೂಪರ್‌ವೈಸರು ಇಣುಕಿದ.

"ಏನೇ ಗಲಾಟೆ? ಅವ್ನು ನಮ್ಮ ಪೇಷಂಟ್ ಅಲ್ಲ. ಕೆಳಗೆ ಕ್ಯಾಶುವಾಲ್ಟಿಗೆ ಕರ್ಕೊಂಡ್ ಹೋಗು."

ಬಾಗಿಲು ಮುಚ್ಚಿತು. ಒಬ್ಬ ನರ್ಸಮ್ಮ ಮಾತ್ರ ಸೂಪರ್‌ವೈಸರನ್ನು ತಳ್ಳಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೇ ಕೂತು, ಹೆಣದಯ್ಯನನ್ನು ಮಗ್ಗುಲಿಗೆ ತಿರುಗಿಸಿ ನಾಡಿ ಹಿಡಿದಳು. "ಯಾವಾಗ ಬಿಟ್ಟಿದ್ದು ಕುಡಿಯೋದು? ಒಮ್ಮೆಗೇ ಬಿಡಿಸಿದ್ರಾ? ಅಯ್ಯೋ ನನ್ನಮ್ಮಾ... ಇಷ್ಟು ವರ್ಷ ಕುಡಿದೋರಿಗೆ ಹಂಗೆ ಬಿಡಿಸ್ಬಾರ್ದು ಕಣಮ್ಮಾ, ಫಿಟ್ಸು ಬರುತ್ತೆ. ಮದ್ದು ಕೊಟ್ಕೊಂಡು, ಮೆಲ್ಲಗೆ ಬಿಡಿಸ್ಬೇಕು. ಅದಕ್ಕೇ ತಾನೇ ಈ ವಾರ್ಡ್ ಇರೋದು?"

ಸ್ಟ್ರೆಚರ್ ಬರುವಷ್ಟರಲ್ಲಿ ಇನ್ನೊಂದು ಸಲ ಸೆಟೆದ. ಅದೇ ಕೊನೆ. ಸ್ಟ್ರೆಚರ್ ತಳ್ಳಿಕೊಂಡು ಬಂದವನು ಅವಳ ಮೈದುನ. ಅತ್ತೆ ಸತ್ತ ಮೇಲೆ ಅವಳೇ ಕೈತುತ್ತು ಹಾಕಿ ಸಾಕಿದ ಹುಡುಗ, ಈಗ ಮೀಸೆ ಬಂದ ಗಂಡಸು. ಹೆಂಡದಂಗಡಿಯ ಬೀದಿಯಲ್ಲೂ ನಡೆಯದವನು. "ಅಣ್ಣಾ, ಏಳಣ್ಣಾ," ಎಂದು ಅಲುಗಿಸಿದ. ಅಣ್ಣ ಏಳಲಿಲ್ಲ. ಬಜಾರಿ ಗಂಡನ ಒಗೆದ ಅಂಗಿಗೆ ಹತ್ತಿದ ನೊರೆಯನ್ನು ಸೆರಗಿನಿಂದ ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು.

ಮಧ್ಯಾಹ್ನ ಶವಾಗಾರದ ಮುಂದೆ ದೊಡ್ಡ ಡಾಕ್ಟರು ಬಂದರು, ಹಿಂದೆ ಸೂಪರ್‌ವೈಸರು.

"ಆಸ್ಪತ್ರೆ ಒಳಗೇ ಸತ್ತಿದಾನೆ. ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ಬೇಕಲ್ಲ. ಕೊಯ್ದು ಬರೆದುಬಿಡಣ," ಎಂದರು ಡಾಕ್ಟರು.

"ಬರೆಯೋದೇನಿದೆ ಸಾರ್? ಕುಡ್ಕ. ಕುಡಿದು ಸತ್ತ," ಎಂದ ಸೂಪರ್‌ವೈಸರು.

"ಕೊಯ್ಯೋರು ಯಾರು ಈಗ?" ಡಾಕ್ಟರು ಸುತ್ತ ನೋಡಿದರು. ಕಣ್ಣು ಮೈದುನನ ಮೇಲೆ ನಿಂತಿತು. "ನೀನು ಅವನ ತಮ್ಮ ಅಲ್ವೇನೋ? ನಿಮ್ಮ ವಂಶದ ಕೆಲಸ ತಾನೇ?"

ವಾಚ್‌ಮನ್ನು ಆಗಲೇ ಮೈದುನನ ಕೈಗೆ ಬಾಟಲಿ ತುರುಕಿದ್ದ.

"ಸಾರ್, ನಾನು... ಅದು ನಮ್ಮಣ್ಣ ಸಾರ್. ಅಣ್ಣನ್ನ ಹೆಂಗೆ ಸಾರ್..."

"ಕುಡಿಯೋ," ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ; ಮಕ್ಕಳಿಗೆ ಔಷಧಿ ಕುಡಿಸುವಾಗಿನ ದನಿ. "ಕುಡಿದ್ರೆ ಅಣ್ಣ ಗಿಣ್ಣ ಏನೂ ಅನ್ಸಲ್ಲ."

ಮೈದುನ ಬಾಟಲಿಯನ್ನು ನೋಡುತ್ತ ನಿಂತ. ಅವನ ಬೆರಳು ಮುಚ್ಚಳದ ಮೇಲೆ ಹೋಯಿತು.

ಗೋಡೆಗೊರಗಿ ಕೂತಿದ್ದ ಬಜಾರಿ ಎದ್ದಳು. ಮೈದುನನ ಕೈಯಿಂದ ಬಾಟಲಿ ಕಿತ್ತುಕೊಂಡಳು. "ಆ ಕಡೆ ನಿಲ್ಲೋ ನೀನು. ನಿಮ್ಮಣ್ಣಂಗೂ ಹಿಂಗೇ ಶುರು ಮಾಡಿಸಿದ್ದು ಇವ್ರು." ನೆಟ್ಟಗೆ ಹೋಗಿ ಶವಾಗಾರದ ಬಾಗಿಲಿಗೆ ಅಡ್ಡ ನಿಂತಳು.

"ಕುಡಿದು ಸತ್ತ ಅಂದ್ಯಲ್ಲೋ ಸೂಳೆಮಗನೇ," ಎಂದಳು ಸೂಪರ್‌ವೈಸರಿಗೆ. "ಬಾ. ಒಳಗೆ ಮಲಗವ್ನೆ. ಇನ್ನೊಂದ್ಸಲ ಬಾಯಿ ಮೂಸು ಬಾ."

ಸೂಪರ್‌ವೈಸರು ಡಾಕ್ಟರ ಬೆನ್ನ ಹಿಂದೆ ಸರಿದ.

"ಏಯ್ ಬಜಾರಿ, ಬಾಗ್ಲು ಬಿಡು," ಎಂದರು ಡಾಕ್ಟರು. "ದುಃಖ ಅರ್ಥ ಆಗುತ್ತೆ. ಆದ್ರೆ ಕುಡೀದೆ ಈ ಕೆಲಸ ಯಾರಿಂದ್ಲೂ ಆಗಲ್ಲ, ನಿಂಗೂ ಗೊತ್ತು."

"ಗೊತ್ತು ಸಾರ್. ಚೆನ್ನಾಗಿ ಗೊತ್ತು."

ಮುಚ್ಚಳ ತಿರುಗಿಸಿ ಎಸೆದಳು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಎದೆಯ ಮಟ್ಟಕ್ಕೆ ಚಾಚಿದಳು. ವಾಸನೆ ಗಪ್ಪೆಂದು ಹೊಡೆಯಿತು. ಡಾಕ್ಟರು ಮುಖ ತಿರುಗಿಸಿದರು. ಕಾರಿಡಾರಿನ ತುಂಬ ಆಯಾಗಳು, ಅಡುಗೆಯವರು, ರೋಗಿಗಳ ಕಡೆಯವರು ಬಂದು ನಿಂತಿದ್ದರು. ಯಾರೂ ಎರಡು ಹೆಜ್ಜೆ ದೂರ ಸರಿಯಲಿಲ್ಲ.

"ತಗೊಳ್ಳಿ ಸಾರ್," ಎಂದಳು. ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು, ಚಾಚಿದ ಕೈ ಮಾತ್ರ ಅಲುಗಲಿಲ್ಲ. "ಈವತ್ತು ನನ್ ಗಂಡ ಕುಡಿದಿಲ್ಲ. ನೀವು ಕುಡೀರಿ. ಕುಡಿದು, ಒಳಗ್ಹೋಗಿ, ನೀವೇ ಕೊಯ್ಯಿರಿ. ನಾನಿಲ್ಲೇ ನಿಂತಿರ್ತೀನಿ."