ಚಪ್ಪಲಿ ಹೊರಗೆ

ಕಾಲೇಜಿನ ಕುಸ್ತಿ ಕೋಣೆಯ ಬಾಗಿಲಲ್ಲೇ ಟಯರಪ್ಪನ ಪಿತ್ತ ನೆತ್ತಿಗೇರಿತು. ಒಳಗೆ ಮ್ಯಾಟಿನ ಮೇಲೆ ಸಾಲುಸಾಲು ಕಬ್ಬಿಣದ ಕುರ್ಚಿಗಳು! ಅವುಗಳ ಕಾಲುಗಳು ಮೆತ್ತನೆಯ ಮ್ಯಾಟಿಗೆ ನಾಟಿಕೊಂಡಿದ್ದವು. ಬೂಟು ಹಾಕಿಕೊಂಡೇ ಕೂತಿದ್ದ ದೊಡ್ಡ ಮನುಷ್ಯರು ಬೇರೆ. ಇದೆಲ್ಲ ಅವನ ಸನ್ಮಾನಕ್ಕಂತೆ, ಕರ್ಮ!

ಟಯರಪ್ಪ ಇದೇ ಕಾಲೇಜಿನಲ್ಲಿ ಓದಿ, ಆಮೇಲೆ ಟಯರ್ ರಿಪೇರಿ ಅಂಗಡಿ ಇಟ್ಟವನು. ಅಂಗಡಿಯಿಂದಲೇ ಆ ಅಡ್ಡಹೆಸರು. ಕಾಲೇಜಿನಲ್ಲಿ ಕುಸ್ತಿ ಶುರುಮಾಡಿದವನೂ ಅವನೇ. ಹಳೇ ಟಯರುಗಳನ್ನು ಒತ್ತಾಗಿ ಹಾಸಿ, ಮರದ ಹೊಟ್ಟು ತುಂಬಿ, ಮೇಲೆ ಲಾರಿಯ ಟಾರ್ಪಾಲು ಬಿಗಿದು ಮೊದಲ ಮ್ಯಾಟು ಮಾಡಿದ್ದ. ಈಗಿನ ಒಳ್ಳೆಯ ಮ್ಯಾಟೂ ಅವನು ಕೊಡಿಸಿದ್ದೇ. ಬೂಟಿನಡಿಯ ಒಂದು ಕಲ್ಲು ಸಾಕು, ಬಿದ್ದವರ ಮುಖ ತರಚಿಹೋಗುತ್ತದೆ. ಅದಕ್ಕೇ ಬಾಗಿಲ ಮೇಲೆ ಅಂದೇ ಬಣ್ಣದಲ್ಲಿ ಬರೆದಿದ್ದ: ‘ಚಪ್ಪಲಿ ಹೊರಗೆ’.

ಈಗ ಆ ಅಕ್ಷರಗಳ ಮೇಲೆಯೇ ಹಿತ್ತಾಳೆಯ ಹೊಸ ಫಲಕ ಜಡಿದಿದ್ದರು. ಅವನ ಹೆಸರು, ಅದರ ಮುಂದೆ ‘ಸಭಾಂಗಣ’.

“ಸಭಾಂಗಣ ಅಂದ್ರೆ?” ಅವನು ಪ್ರಿನ್ಸಿಪಾಲರನ್ನು ಕೇಳಿದ.

“ನಾಳೆಯಿಂದ ಕುಸ್ತಿ ಇರಲ್ಲ ಸಾರ್. ಎಷ್ಟು ಜನ ಆಡ್ತಾರೆ ಹೇಳಿ? ನಿಮ್ಮ ಹೆಸರು ಮಾತ್ರ ಶಾಶ್ವತ!”

ಕುಸ್ತಿ ತಂಡ ಹೊರಗೆ ಗೋಡೆಗೆ ಒರಗಿ ನಿಂತಿತ್ತು. “ಬೆವರು ವಾಸನೆ, ಒಳಗೆ ಬರಬೇಡಿ ಅಂದ್ರು, ತಾತ,” ಎಂದಳು ಕ್ಯಾಪ್ಟನ್ ಹುಡುಗಿ. ಅವಳ ಕಣ್ಣು ಕೆಂಪಾಗಿತ್ತು.

ಟಯರಪ್ಪ ಫಲಕವನ್ನು ದುರುಗುಟ್ಟಿ ನೋಡಿದ. ಎಲಾ ಇವರ! ಮನುಷ್ಯನ ಹೆಸರು ಗೋಡೆಗೆ ಹೊಡೆದು, ಅವನು ಮಾಡಿದ ಕೆಲಸಾನ ಹೂತುಬಿಡುತ್ತಾರಲ್ಲ!

“ರೀ, ಬಿಪಿ ಇದೆ ನಿಮಗೆ,” ಜೊತೆಗೆ ಬಂದಿದ್ದ ಹೆಂಡತಿ ತೋಳು ಹಿಡಿದಳು.

“ಇರ್ಲಿ ಬಿಡೇ!”

ಬೂಟು ಬಿಚ್ಚಿಟ್ಟು ಒಳನಡೆದ. ಸನ್ಮಾನದ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಮ್ಯಾಟಿನ ನಡುವೆ ಬೋರಲಾಗಿ, ಕೈಕಾಲು ಅಗಲಿಸಿ ಮಲಗಿಬಿಟ್ಟ. ಎದುರಾಳಿ ಮಗುಚಿ ಹಾಕದಿರಲೆಂದು ಪೈಲ್ವಾನರು ಮಲಗುವುದು ಹಾಗೆಯೇ.

“ಅಯ್ಯೋ! ಡಾಕ್ಟರನ್ನ ಕರೀರಿ!” ಪ್ರಿನ್ಸಿಪಾಲರು ಕೂಗಿಕೊಂಡರು.

“ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಬೆನ್ನು ಮ್ಯಾಟಿಗೆ ತಾಗಿದ್ರೆ ಕುಸ್ತೀಲಿ ಸೋತ ಹಾಗೆ. ಮಗುಚಿ ನೋಡೋಣ! ಸೋತ್ರೆ ಸಭಾಂಗಣ ಮಾಡ್ಕೊಳ್ಳಿ.”

ಇಬ್ಬರು ಗುಮಾಸ್ತರು ಒಂದು ಭುಜ ಎತ್ತಿದರೆ ಇನ್ನೊಂದು ಅಂಟಿಕೊಂಡಿತು. ಪ್ರಿನ್ಸಿಪಾಲರೂ ಕೈ ಹಾಕಿದರು. ಅವರ ಟೈ ಬಾಯಿಗೆ ಬಂತು, ಟಯರಪ್ಪ ಮಿಸುಕಲಿಲ್ಲ.

“ಮದುವೆಯಾದಾಗಿಂದ ಇವರನ್ನ ಅಲ್ಲಾಡಿಸೋಕೆ ನನ್ನ ಕೈಲೇ ಆಗಿಲ್ಲ, ನಿಮ್ಮ ಕೈಲಿ ಆಗುತ್ತಾ?” ಎಂದಳು ಹೆಂಡತಿ. ಸಭೆ ಗೊಳ್ಳೆಂದಿತು. ಅವಳು ಚಪ್ಪಲಿ ಬಿಟ್ಟು ಬಂದು, ಖಾಲಿಯಿದ್ದ ಸನ್ಮಾನದ ಕುರ್ಚಿಯನ್ನೇ ಎತ್ತಿಕೊಂಡು ಹೊರನಡೆದಳು. ಹಿಂದೆಯೇ ಕುಸ್ತಿ ತಂಡ ಒಳಗೆ ನುಗ್ಗಿತು. ಮುಖ್ಯ ಅತಿಥಿಗಳು ನಾಚಿಕೊಂಡು ತಮ್ಮ ಕುರ್ಚಿಯನ್ನು ತಾವೇ ಮಡಚಿದರು. ಮಿಕ್ಕವರೂ ಎದ್ದರು.

ಬರಿದಾದ ಮ್ಯಾಟಿನ ಮೇಲೆ ಪ್ರಿನ್ಸಿಪಾಲರು ಬೆವರು ಒರೆಸುತ್ತ ಕುಸಿದು ಕೂತರು. ಅವರ ಮೈಯೂ ಈಗ ಕುಸ್ತಿಯವರ ಹಾಗೇ ನಾರುತ್ತಿತ್ತು.

“ಆಯ್ತು ಸಾರ್, ಕುಸ್ತಿ ಇರುತ್ತೆ. ಎಲ್ಲರ ಮುಂದೇನೇ ಹೇಳ್ತಿದ್ದೀನಿ. ಏಳಿ. ಆದ್ರೆ ಆ ಫಲಕ ಏನ್ಮಾಡ್ಲಿ? ನಿಮ್ಮ ಹೆಸರಿದೆ...”

“ಕಿತ್ತಾಕಿ. ಅದರಡಿ ನಾನು ಬರೆದಿದ್ದು ಇನ್ನೂ ಇರುತ್ತೆ. ಅದನ್ನ ಓದಿ ಸಾಕು.”

ಪ್ರಿನ್ಸಿಪಾಲರು ತಮ್ಮ ಕಾಲು ನೋಡಿಕೊಂಡರು. ಕೂತಲ್ಲೇ ಬೂಟಿನ ಲೇಸು ಬಿಚ್ಚತೊಡಗಿದರು.