ಬೆಳ್ಗಣ್ಣಕ್ಕೆ ಮಾತ್ರ

ಹಿಸಾಯೊ ಕಿತ್ತಳೆಹಣ್ಣನ್ನು ಅಡ್ಡಕ್ಕೆ ಕೊಯ್ದು, ಎರಡು ಹೋಳನ್ನೂ ಅಂಗಳದ ಉಮೆ ಎಂಬ ಪ್ಲಮ್ ಮರದ ಮೊನಚು ರೆಂಬೆಗಳಿಗೆ ಚುಚ್ಚಿ ಒಳಗೆ ಬಂದಳು. ಚಳಿಗಾಲದಲ್ಲಿ ಹಕ್ಕಿಗಳಿಗೆ ಹೀಗೆ ಹಣ್ಣಿಡುವುದು ಆ ಊರಿನ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಈ ವರ್ಷ ಮಾತ್ರ ಅವಳಿಗೆ ಅದು ಬರಿಯ ರೂಢಿಯಾಗಿರಲಿಲ್ಲ. ಗಂಡ ತೊಕುಜಿ ಕಿತ್ತಳೆಯ ಮೊದಲ ಕೊಯ್ಲಿನಲ್ಲಿ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಹೊಸ ವರ್ಷ ಕಳೆಯುವ ಹೊತ್ತಿಗೆ ಮೂಳೆ ಕೂಡಿತು, ಮನುಷ್ಯ ಏಳಲಿಲ್ಲ. ಹೀಗೇ ಮಲಗಿದರೆ ಮಲಗಿದ ಹಾಗೇ ಉಳಿಯುತ್ತಾನೆ ಎಂದು ಡಾಕ್ಟರು ಅವನೆದುರಿಗೇ ಹೇಳಿದ್ದರು. ಅವನು ಗೋಡೆಯ ಕಡೆ ಹೊರಳಿಕೊಂಡಿದ್ದ.

ಒಂದು ಬೆಳಿಗ್ಗೆ ಕಿಟಕಿಯಾಚೆ ಜೋಡಿ ಬೆಳ್ಗಣ್ಣ ಹಕ್ಕಿಗಳು ಬಂದವು. ಹಸಿರು ಮೈ, ಕಣ್ಣಿನ ಸುತ್ತ ಸುಣ್ಣದ ಬಳೆ ಬರೆದ ಹಾಗೆ ಬಿಳಿ ಗೆರೆ. ಹಾಸಿಗೆಯಿಂದ ಅವು ಸರಿಯಾಗಿ ಕಾಣುತ್ತಿರಲಿಲ್ಲ. ತೊಕುಜಿ ಮೊಣಕೈ ಊರಿ ತೆವಳಿದ, ಗೋಡೆ ಹಿಡಿದ, ಗಾಜಿನ ಬಾಗಿಲವರೆಗೆ ಬಂದು ಕೂತ. ಹಿಸಾಯೊ ಅಡಿಗೆಮನೆಯಿಂದಲೇ ಅದನ್ನು ನೋಡಿ, ನೋಡದವಳಂತೆ ಮೂಲಂಗಿ ಹೆಚ್ಚಿದಳು. ಅಂದಿನಿಂದ ಕಿತ್ತಳೆ ತಪ್ಪಿಸಲಿಲ್ಲ.

ತಪ್ಪಿಸಿದ್ದು ಪಿಕಳಾರ. ಬೂದು ಬಣ್ಣ, ಎಣ್ಣೆ ಕಾಣದ ತಲೆಗೂದಲಿನ ಹಾಗೆ ಕೆದರಿದ ಜುಟ್ಟು, ಬೆಳ್ಗಣ್ಣದ ಎರಡರಷ್ಟು ಗಾತ್ರ. ಕಿರುಚುತ್ತಲೇ ಇಳಿಯುವುದು, ಪುಟ್ಟವನ್ನು ಅಟ್ಟುವುದು, ಹೋಳನ್ನು ಸಿಪ್ಪೆಯಷ್ಟೇ ಉಳಿಸಿ ತಿನ್ನುವುದು. ತಿಂದಾದ ಮೇಲೂ ಹೋಗದೆ ಅಲ್ಲೇ ಕಾವಲು ಕೂರುವುದು. ಬೆಳ್ಗಣ್ಣ ಬರದ ದಿನ ತೊಕುಜಿ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ.

ಮೇಲಿನ ಹಂತದ ತೋಟದ ಕನೆಮಟ್ಸು ಒಂದು ಮಧ್ಯಾಹ್ನ ಬಂದು ಜಗಲಿಯ ಅಂಚಿನಲ್ಲಿ ಕೂತ. ಅವನ ತಡಕೊಯ್ಲಿನ ಕಿತ್ತಳೆ ಇನ್ನೂ ಮರದಲ್ಲೇ ಇತ್ತು.

"ಅಕ್ಕ, ಧರ್ಮ ನಿಂದು, ಕರ್ಮ ನಂದು. ನೀನಿಲ್ಲಿ ಎಲೆ ಹಾಕ್ತೀಯ, ಪಿಕಳಾರ ನೆಂಟರಿಷ್ಟರನ್ನೆಲ್ಲ ಕರ್ಕೊಂಡು ಬಂದು ನನ್ನ ತೋಟದಲ್ಲಿ ಕೈ ತೊಳೀತಾವೆ."

"ನಾನೇನು ಪಿಕಳಾರಕ್ಕೆ ಹಾಕ್ತೀನಾ? ಬೆಳ್ಗಣ್ಣಕ್ಕೆ."

"ಹಣ್ಣಿನ ಮೇಲೆ ಹೆಸರು ಬರೆದಿದ್ದೀಯಾ?"

ಒಳಗಿನಿಂದ ತೊಕುಜಿ, "ಬರೆದ್ರೂ ನಿನ್ನಂಗೇ, ಓದಕ್ಕೆ ಬರಲ್ಲ ಅದಕ್ಕೆ," ಎಂದ.

ಕನೆಮಟ್ಸು ನಗದೆ ಇರಲಾಗಲಿಲ್ಲ, ಆದರೆ ಮಾತು ಬಿಡಲಿಲ್ಲ. "ನೋಡಕ್ಕ, ಬೆಳ್ಗಣ್ಣ ತಿಂದ್ರೆ ನಂದೇನೂ ತಕರಾರಿಲ್ಲ. ಪಿಕಳಾರ ತಿಂದಿದ್ದು ಕಂಡ್ರೆ ಮಾತ್ರ ನಿಲ್ಲಿಸಿಬಿಡು. ನನ್ನ ಕೊಯ್ಲು ಮುಗಿಯೋವರೆಗೆ."

"ಪಿಕಳಾರ ತಿನ್ನಲ್ಲ," ಎಂದಳು ಹಿಸಾಯೊ. ಹೇಳಿದ ಮೇಲೆ ಅದನ್ನು ಮಾಡಿ ತೋರಿಸಬೇಕಾಯಿತು.

ಹಳೆಯ ಸಿ.ಡಿ.ಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಳು. ಬೆಳ್ಗಣ್ಣಗಳು ಹೆದರಿ ಓಡಿದವು. ಪಿಕಳಾರ ಪಕ್ಕದಲ್ಲಿ ಕೂತು ಅದರಲ್ಲಿ ಮುಖ ನೋಡಿಕೊಂಡಿತು. ಹೋಳನ್ನು ಉದ್ದ ದಾರಕ್ಕೆ ಕಟ್ಟಿದಳು. ಅದು ಹಾರುತ್ತಲೇ ಕುಕ್ಕಿ ಕೆಡವಿ ನೆಲದ ಮೇಲೆ ತಿಂದಿತು. ಚಿಕ್ಕ ಬಟ್ಟಲಲ್ಲಿ ಸಕ್ಕರೆ ನೀರಿಟ್ಟಳು, ಅದಕ್ಕೆ ಸ್ನಾನವೂ ಆಯಿತು. ಪೊರಕೆ ಹಿಡಿದು ಮರದ ಕೆಳಗೇ ನಿಂತರೆ ಪಿಕಳಾರ ಮಾಡಿನ ಮೇಲೆ ಕೂತು ಬೈಯುತ್ತಿತ್ತು, ಬೆಳ್ಗಣ್ಣಗಳೂ ಬರುತ್ತಿರಲಿಲ್ಲ.

"ಬಿಟ್ಟುಬಿಡೇ. ಹಕ್ಕಿ ಹತ್ರ ಏನು ಹಟ?" ಎಂದ ತೊಕುಜಿ.

"ಹಟ ನಂಗೆ ಅದರ ಹತ್ರ ಇಲ್ಲ," ಎಂದಳು. ಯಾರ ಹತ್ತಿರ ಎಂದು ಅವನು ಕೇಳಲಿಲ್ಲ.

ಅಟ್ಟದಲ್ಲಿ ಮಾವನ ಕಾಲದ ಬಿದಿರಿನ ಪಂಜರವೊಂದಿತ್ತು. ಆಗ ಬೆಳ್ಗಣ್ಣ ಸಾಕಿ, ಯಾವುದು ಚೆನ್ನಾಗಿ ಹಾಡುತ್ತದೆಂದು ಪಂದ್ಯ ಕಟ್ಟುತ್ತಿದ್ದರು. ಈಗ ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ. ಹಿಸಾಯೊ ಅದನ್ನು ಕೆಳಗಿಳಿಸಿ ಧೂಳು ಒರೆಸಿದಳು. ಬಾಗಿಲನ್ನು ಕಿತ್ತು ಆ ಜಾಗಕ್ಕೆ ಕಡ್ಡಿ ಬಿಗಿದಳು. ಆಮೇಲೆ ಇಕ್ಕಳದಿಂದ ಒಂದು ಬಿಟ್ಟು ಒಂದರಂತೆ ಸುತ್ತಲಿನ ಕಡ್ಡಿಗಳನ್ನು ಎಳೆದು ತೆಗೆದಳು. ಕಡ್ಡಿಗಳ ನಡುವೆ ಅವಳ ಹೆಬ್ಬೆರಳು ಸಲೀಸಾಗಿ ತೂರಿತು, ಎರಡು ಬೆರಳು ಜೋಡಿಸಿದರೆ ತಡೆಯಿತು. ಮಧ್ಯದಲ್ಲಿ ಕಿತ್ತಳೆ ಇಟ್ಟು ಉಮೆ ಮರಕ್ಕೆ ತೂಗುಹಾಕಿದಳು.

"ಅಪ್ಪನ ಪಂಜರ," ಎಂದ ತೊಕುಜಿ. ಅವನ ದನಿಯಲ್ಲಿ ಕೋಪವೋ ಏನೋ ಇತ್ತು.

"ಹೌದು. ಅಟ್ಟದಲ್ಲಿ ಇಲಿಗೆ ಮನೆಯಾಗಿತ್ತು."

ಮೊದಲ ದಿನ ಯಾರೂ ಬರಲಿಲ್ಲ. ಮರುದಿನ ಜೋಡಿಯಲ್ಲೊಂದು ಹೊರಗಿನಿಂದ ಇಣುಕಿ, ಮೈ ಸಣ್ಣಗೆ ಮಾಡಿಕೊಂಡು ಒಳಗೆ ಜಾರಿತು. ಇನ್ನೊಂದೂ ಹೋಯಿತು. ಪಿಕಳಾರ ಬಂತು. ತಲೆ ತೂರಿಸಿತು, ಭುಜ ಸಿಕ್ಕಿಕೊಂಡಿತು, ಕೊಕ್ಕು ಹಣ್ಣಿಗೆ ಎಟುಕಲಿಲ್ಲ. ಪಂಜರದ ಮೇಲೆ ಕುಣಿದು, ಕೆಳಗೆ ನೇತಾಡಿ, ಊರೆಲ್ಲ ಕೇಳುವಂತೆ ಕಿರುಚಿತು. ಒಳಗಿನವು ತಲೆಯೆತ್ತದೆ ತಿಂದವು. ತೊಕುಜಿ ಆಗಲೇ ಗೋಡೆ ಹಿಡಿದು ಬಂದು ಗಾಜಿಗೆ ಮೂಗು ಒತ್ತಿ ಕೂತಿದ್ದ. "ಕಿರುಚು, ಇನ್ನೂ ಕಿರುಚು," ಎಂದು ತೊಡೆ ತಟ್ಟಿದ. ಮುರಿದ ತೊಡೆಯನ್ನೇ.

ವಾರ ಹೀಗೇ ಕಳೆದಿರಬೇಕು, ಠಾಣೆಯ ಪೊಲೀಸ್ ಮುಕಾಯಿ ತನ್ನ ಬಿಳಿಯ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಬೆಳ್ಗಣ್ಣ ಹಿಡೀತಿದ್ದೀರಿ ಅಂತ ರಸ್ತೆಯಲ್ಲಿ ಹೋಗೋರು ಫೋನ್ ಮಾಡಿದ್ದಾರೆ."

ಆ ಹೊತ್ತಿಗೆ ಎರಡೂ ಪಂಜರದೊಳಗೇ ಇದ್ದವು.

"ಹಿಡೀತಿಲ್ಲ, ಬಡಿಸ್ತಿದ್ದೀನಿ. ಬಾಗಿಲು ಎಲ್ಲಿದೆ ತೋರಿಸಿ ನೋಡೋಣ."

ಮುಕಾಯಿ ಸುತ್ತಲೂ ನೋಡಿದ. "ಬಾಗಿಲೇ ಇಲ್ಲ ಅಂದ್ಮೇಲೆ ಒಳಗಿರೋವು ಹೊರಗೆ ಬರೋದು ಹೇಗೆ?"

ಹಿಸಾಯೊ ಚಪ್ಪಾಳೆ ತಟ್ಟಿದಳು. ಎರಡೂ ಕಡ್ಡಿಗಳ ನಡುವೆ ನುಸುಳಿ ಬೇಲಿಯಾಚೆ ಹಾರಿದವು. ಮುಕಾಯಿ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

ಬೈಕಿನ ಸದ್ದಿಗೆ ಕನೆಮಟ್ಸು ಮೇಲಿನಿಂದ ಇಳಿದು ಬಂದಿದ್ದ. "ಈಯಮ್ಮ ಹಿಡಿಯೋಳಲ್ಲ ಸಾರ್. ಪಿಕಳಾರ ಒಂದು ಸಿಪ್ಪೆನೂ ಮುಟ್ಟಿಲ್ಲ, ನಾನೇ ದಿನಾ ನೋಡ್ತಿದ್ದೀನಿ. ನಾನಾಡಿದ ಮಾತು ನಾನೇ ನುಂಗಬೇಕಾಯ್ತು."

"ನನಗೆ ಅರ್ಥವಾಯ್ತು. ರಸ್ತೆಯವರಿಗೆ ಆಗಬೇಕಲ್ಲ? ಅದು ನೋಡೋಕೆ ಬೆಳ್ಗಣ್ಣದ ಪಂಜರವೇ. ನಾಳೆ ಇನ್ನೊಬ್ಬರು ಫೋನ್ ಮಾಡ್ತಾರೆ, ನಾನು ಮತ್ತೆ ಬರಬೇಕು. ಇಳಿಸಿಬಿಡಿ ಅಮ್ಮಾ. ಪಂಜರದ ಹಾಗೆ ಕಾಣದಿರೋದು ಏನಾದ್ರೂ ಇಡಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳು ಇಳಿಸಿದಳು. ಇಬ್ಬರೂ ಹೋದರು. ಬೆಳ್ಗಣ್ಣಗಳು ಮರಳಿ ಬಂದು ಬರಿಯ ರೆಂಬೆಯ ಮೇಲೆ ಅತ್ತಿತ್ತ ಹಾರಿದವು. ತೊಕುಜಿ ಅವನ್ನು ಸ್ವಲ್ಪ ಹೊತ್ತು ನೋಡಿ, ಮೆಲ್ಲನೆ ಹಾಸಿಗೆಯ ಕಡೆ ಹೊರಳತೊಡಗಿದ.

ಹಿಸಾಯೊ ಮೂಲೆಯಿಂದ ಮಚ್ಚು ತೆಗೆದುಕೊಂಡಳು.

"ಎಲ್ಲಿಗೆ?"

"ಹಿತ್ತಲ ಮೆಳೆಗೆ. ಬಿದಿರು ತಂದು ಬೆಳ್ಗಣ್ಣ ಮಾತ್ರ ತೂರೋಷ್ಟು ಸಂದು ಬಿಟ್ಟು ಬುಟ್ಟಿ ಹೆಣೀತೀನಿ. ಉದ್ದಕ್ಕೆ, ಮೀನಿನ ಬುಟ್ಟಿ ಹಾಗೆ. ಅದನ್ನ ಪಂಜರ ಅಂತ ಯಾರು ಅಂತಾರೆ?"

"ನಿಂಗೆ ಹೆಣಿಯಕ್ಕೆ ಬರತ್ತಾ?"

"ಇಲ್ಲ."

"ಬಿದಿರು ಆರಿಸೋದಾದ್ರೂ ಗೊತ್ತಾ? ಈ ವರ್ಷದ್ದು ಕಡಿದ್ರೆ ಒಣಗಿ ಸುಕ್ಕಾಗತ್ತೆ. ಹಳೇದಾದ್ರೆ ಸೀಳುವಾಗ ಮುರಿಯತ್ತೆ."

"ಯಾವುದೋ ಒಂದು ಕಡೀತೀನಿ. ಸುಕ್ಕಾದ್ರೆ ಇನ್ನೊಂದು. ಮೆಳೆ ಪೂರ್ತಿ ಕಡಿದ್ರೂ ಸರಿ."

ಅವಳು ಅಂಗಳ ದಾಟಿದಳು. ಹಿಂದೆ ಗಾಜಿನ ಬಾಗಿಲು ಸರಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಜಗಲಿಯ ಹಲಗೆ ಕಿರುಗುಟ್ಟಿತು.

"ಮೂದೇವಿ, ನಿಲ್ಲೇ! ನನ್ನಪ್ಪ ನೆಟ್ಟ ಮೆಳೆ ಅದು. ಮುಟ್ಟಬೇಡ, ನಾ ಬರೋವರೆಗೆ ಒಂದನ್ನೂ ಮುಟ್ಟಬೇಡ!"

ಹಿಸಾಯೊ ಮೆಳೆಯ ಬುಡದಲ್ಲಿ ನಿಂತಳು. ಅವನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೇಲಿಯ ಗಳ ಹಿಡಿದು, ಕಾಲೆಳೆಯುತ್ತ, ಬೈಯುತ್ತ ಬರುತ್ತಿದ್ದ. ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಅವಳ ಕಾಲು ತಾನಾಗಿಯೇ ಮುಂದೆ ಹೊರಟಿತು. ತಡೆದು ನಿಲ್ಲಿಸಿದಳು. ಕೈ ಕೊಟ್ಟರೆ ಅವನು ಅಲ್ಲೇ ಕೂತುಬಿಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

"ಬೇಗ ಬನ್ನಿ. ನಾಳೆ ಬೆಳಿಗ್ಗೆಗೆ ಆಗಬೇಕು," ಎಂದು ಕೂಗಿ, ಎಳೆಯದೊಂದು ಬಿದಿರಿಗೆ ಬೇಕೆಂದೇ ಮಚ್ಚು ಎತ್ತಿದಳು.