ಹಸು ಕೊಟ್ಟರೂ ಕಣ್ಣಿ ಕೊಡಬಾರದು

ಮನೆಯಲ್ಲಿ ಮಾರುವ ವಸ್ತು ಇದೆ ಎಂದು ಗೊತ್ತಾದರೆ ಸಾಕು, ಬೇಲಿಯಾಚೆ ಹೋಗುವವರೂ ನಿಂತು ಬುದ್ಧಿ ಹೇಳುತ್ತಾರೆ. ಕೆಳದಿ ರಸ್ತೆಯ ಹೇಮಾವತಿಗೆ ಬುದ್ಧಿಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಅವಳು ಮಾರಲು ಹೊರಟದ್ದು ಗದ್ದೆಯನ್ನಲ್ಲ, ಬಂಗಾರವನ್ನೂ ಅಲ್ಲ. ಫೋನಿನಲ್ಲಿ ನಡೆಸುತ್ತಿದ್ದ ಒಂದು ಸಣ್ಣ ಅಂಗಡಿಯನ್ನು. ಅವಳ ಅತ್ತೆ ಕೆರಿಯಮ್ಮ ಹಸೆ ಚಿತ್ತಾರದಲ್ಲಿ ಎತ್ತಿದ ಕೈ. ಗೋಡೆಗೆ ಬಳಿದ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದರೆ ಕಣ್ಣು ಅಲ್ಲೇ ನಿಲ್ಲಬೇಕು. ಆ ಚಿತ್ತಾರವನ್ನೇ ಬಟ್ಟೆಚೀಲಕ್ಕೆ, ಬುಟ್ಟಿಗೆ, ಗೋಡೆಗೆ ತೂಗುವ ಹಲಗೆಗೆ ಬರೆಸಿ, ಫೋಟೊ ತೆಗೆದು, ‘ಕೆರಿಯಮ್ಮನ ಚಿತ್ತಾರ’ ಎಂದು ಹೆಸರಿಟ್ಟು ಹೇಮಾವತಿ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದಿದ್ದಳು. ಕೇರಿಯ ಇನ್ನಿಬ್ಬರು ಹೆಂಗಸರೂ ಬಂದು ಕೂತು ಬರೆಯುತ್ತಿದ್ದರು. ಆರ್ಡರ್ ಬರುತ್ತಿತ್ತು, ಪಾರ್ಸೆಲ್ ಹೋಗುತ್ತಿತ್ತು. ಲಾಭ ಮಾತ್ರ ಇನ್ನೂ ಮನೆಯ ದಾರಿ ಹಿಡಿದಿರಲಿಲ್ಲ. ಬರೆದವರ ಕೂಲಿ, ಡಬ್ಬ, ಕೊರಿಯರ್ ಎಂದು ಬಂದದ್ದೆಲ್ಲ ಹಾಗೇ ಹೋಗುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಸಾಗರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಎರಡನ್ನೂ ನಡೆಸುವುದು ಆಗದ ಮಾತು. ಪುಟ ಮುಚ್ಚಿದರೆ ಅತ್ತೆಯ ಕೈಯ ಕುಂಚವೂ ಮೂಲೆ ಸೇರುತ್ತದೆ. ಯಾರಾದರೂ ಒಳ್ಳೆಯವರ ಕೈಗೆ ಒಪ್ಪಿಸಬೇಕು. ಅವಳಿಗೆ ಇದ್ದದ್ದು ಅದೊಂದೇ ಚಿಂತೆ.

ಗಂಡ ಉಮೇಶ ಪಂಪ್‌ಸೆಟ್ ರಿಪೇರಿ ಮಾಡುವವನು. ಅವನಿಗೆ ಎಲ್ಲವೂ ಸಲೀಸು.

“ಲಾಭ ಇಲ್ದಿರೋ ಅಂಗಡಿನ ಯಾರು ತಗೊಳ್ತಾರೆ ಮಾರಾಯ್ತಿ? ಕೈತುಂಬ ಲಾಭ ಅಂತ ಹೇಳ್ಬಿಡು. ಫೋನೊಳಗಿನ ಲಾಭ ಯಾರಿಗೆ ಕಾಣ್ತದೆ?”

“ಸುಳ್ಳು ಹೇಳಿ ಮಾರೋದಾ?”

“ಸುಳ್ಳಲ್ಲ, ಮುಂದೆ ಬರೋದನ್ನ ಈಗ್ಲೇ ಹೇಳೋದು.”

ಹೇಮಾವತಿ ಹಣೆ ಒತ್ತಿಕೊಂಡಳು. ಸಾಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳತಿ ಯಶೋಧಕ್ಕ ಮೊದಲೇ ಎಚ್ಚರಿಸಿದ್ದರು: “ನೋಡು ಹೇಮಾ, ನಾನೂ ನಡೀತಿದ್ದ ಅಂಗಡಿನೇ ಇನ್ನೊಬ್ಬರಿಂದ ತಗೊಂಡೋಳು. ಕಾಗದದ ಮೇಲೆ ಬರೆಯೋತನಕ ಒಂದು ಗುಂಡುಸೂಜಿನೂ ಕೈ ಬಿಡ್ಬೇಡ.”

ಕೊಳ್ಳುವವನೇನೋ ಸಿಕ್ಕಿದ್ದ. ತೀರ್ಥಹಳ್ಳಿಯಲ್ಲಿ ಉಡುಗೊರೆ ಸಾಮಾನಿನ ಅಂಗಡಿ ನಡೆಸುವ ದಿನೇಶ್. ಪುಟ ನೋಡಿ ತಾನಾಗಿಯೇ ಫೋನ್ ಮಾಡಿದ್ದ. ಸಾಮಾನು ನೋಡಲು ಬರುತ್ತೇನೆ ಎಂದ ದಿನವೇ ಹೇಮಾವತಿ ಹೊಸನಗರಕ್ಕೆ ಹೋಗಬೇಕಾಗಿ ಬಂತು. ಕೆಲಸಕ್ಕೆ ಬೇಕಿದ್ದ ಪ್ರಮಾಣಪತ್ರವೊಂದು ಅವಳ ತವರಿನ ತಾಲ್ಲೂಕಿನಲ್ಲೇ ಆಗಬೇಕಿತ್ತು. ಮರುದಿನ ಸಂಜೆಯೊಳಗೆ ಎಲ್ಲ ದಾಖಲೆ ಆನ್‌ಲೈನಿನಲ್ಲಿ ಹಾಕದಿದ್ದರೆ ಕೆಲಸ ಬೇರೆಯವರ ಪಾಲು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅದನ್ನು ಮನೆಯಲ್ಲೇ ಚಾರ್ಜಿಗೆ ಬಿಟ್ಟು, ಗಂಡನಿಗೆ ಬಿಡಿಸಿ ಬಿಡಿಸಿ ಹೇಳಿದಳು.

“ದಿನೇಶ್ ಬಂದ್ರೆ ಕಾಫಿ ಕೊಡಿ. ಚೀಲ, ಬುಟ್ಟಿ ತೋರ್ಸಿ. ವ್ಯಾಪಾರದ ಮಾತು ನಾನು ಬಂದ್ಮೇಲೆ. ಕೇಳಿಸ್ತಾ?”

“ಕೇಳಿಸ್ತು ಕೇಳಿಸ್ತು” ಎಂದ ಉಮೇಶ. ಅವನಿಗೆ ಕೇಳಿಸಿದ್ದು ಕಾಫಿಯವರೆಗೆ ಮಾತ್ರ.

ಸಂಜೆ ಬಸ್ಸಿಳಿದು ಬಂದ ಹೇಮಾವತಿ ಕಾಲು ತೊಳೆಯುವ ಮೊದಲೇ ಫೋನ್ ಕೈಗೆತ್ತಿಕೊಂಡಳು. ‘ಸಿಮ್ ಇಲ್ಲ’ ಎಂದು ತೋರಿಸುತ್ತಿತ್ತು.

“ರೀ, ಫೋನಿಗೆ ಎಂತಾಯ್ತು?”

ಉಮೇಶನ ಮುಖದಲ್ಲಿ ಗೆದ್ದ ಕಳೆ. “ನಿನ್ನ ಅಂಗಡಿ ಮಾರಿಬಿಟ್ಟೆ!”

“ಎಂತ?”

“ದಿನೇಶ್ ಬಂದಿದ್ದ. ಒಳ್ಳೆ ಹುಡುಗ. ಬುಟ್ಟಿ ನೋಡಿ ಖುಷಿಯಾದ. ಲಾಭ ಹೆಂಗೆ ಅಂದ, ಕೈತುಂಬ ಅಂದೆ. ಮುಂಗಡ ಕೊಟ್ಟ, ಎಲೆ ಅಡಿಕೆ ಕೊಟ್ಟು ಮಾತು ಮುಗ್ಸಿದೆ.”

“ಸಿಮ್ ಎಲ್ಲಿ?”

“ಗಿರಾಕಿಗಳು ಫೋನ್ ಮಾಡೋದು ಆ ನಂಬರಿಗೇ ಅಲ್ವಾ? ಬೀಗದ ಕೈ ಇಟ್ಕೊಂಡು ಅಂಗಡಿ ಮಾರೋಕಾಗ್ತದಾ? ತಟ್ಟೆಲಿ ಎಲೆ, ಎಲೆ ಮೇಲೆ ಅಡಿಕೆ, ಪಕ್ಕದಲ್ಲಿ ಸಿಮ್. ಚಂದ ಕಾಣ್ತಿತ್ತು ಕಣೆ.”

ಜಗುಲಿಯಲ್ಲಿ ಕುಂಚಕ್ಕೆ ಪುಂಡಿ ಗಿಡದ ನಾರು ಕಟ್ಟುತ್ತಿದ್ದ ಕೆರಿಯಮ್ಮ ತಲೆಯೆತ್ತದೆ ಕೇಳಿದಳು: “ನನ್ನ ಹೆಸ್ರೂ ಅದೇ ತಟ್ಟೆಲಿ ಹೋಯ್ತೇನೋ ಮಗಾ?”

“ಪುಟದ ಹೆಸ್ರು ಅಮ್ಮ, ನಿನ್ನದಲ್ಲ.”

“ಕೆರಿಯಮ್ಮ ಅಂತ ಈ ಮನೇಲಿ ಇನ್ನೆಷ್ಟು ಜನ ಇದಾರೆ?”

ಹೇಮಾವತಿಗೆ ನಗು ಬರಲಿಲ್ಲ. ಅವಳ ಬ್ಯಾಂಕು ಆ ನಂಬರಿಗೆ. ಗ್ಯಾಸು ಆ ನಂಬರಿಗೆ. ಆಧಾರ್ ಆ ನಂಬರಿಗೆ. ದಾಖಲೆ ಹಾಕಲು ಬೇಕಾದ ಓಟಿಪಿ ಬರುವುದೂ ಆ ನಂಬರಿಗೇ. ಗಂಡನ ಫೋನಿನಿಂದ ದಿನೇಶನಿಗೂ ತನ್ನದೇ ನಂಬರಿಗೂ ಕರೆ ಮಾಡಿದಳು. ಮಾಡಿದಳು, ಮತ್ತೆ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಾರೋ ತಣ್ಣಗೆ ಹೇಳುತ್ತಲೇ ಇದ್ದರು.

ಕೊನೆಗೆ ಯಶೋಧಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. “ಉಮೇಶನಿಗೆ ಫೋನ್ ಕೊಡು” ಎಂದರು.

“ಉಮೇಶ, ಅಂಗಡಿ ಮಾರಿದೆ ಅಂತ ಮನೆ ಬೀಗದ ಕೈನೂ, ಕಪಾಟಿನ ಬೀಗದ ಕೈನೂ ಕೊಟ್ಟಿದೀಯಲ್ಲಪ್ಪ! ಆ ಸಿಮ್ ಹೇಮನ ಹೆಸರಲ್ಲಿದೆ. ನಾಳೆ ಅದರಿಂದ ಯಾರೋ ಯಾರಿಗೋ ಮೋಸ ಮಾಡಿದ್ರೆ ಪೊಲೀಸಿನೋರು ಯಾರ ಮನೆ ಬಾಗಿಲಿಗೆ ಬರ್ತಾರೆ?”

“ದಿನೇಶ್ ಅಂಥೋನಲ್ಲ ಅಕ್ಕ.”

“ಅಂಥೋನು ಅಂತ ನಾನೆಲ್ಲಿ ಅಂದೆ? ಆ ಸಿಮ್ ಅವನ ಕೈಯಿಂದ ಇನ್ನೊಬ್ಬರ ಕೈಗೆ ಹೋದ್ರೆ?”

ಉಮೇಶನಿಗೆ ಈಗ ಹೊಳೆಯಿತು. “ಅದನ್ನ ಬಂದ್ ಮಾಡ್ಸಿ ಬೇರೆ ಸಿಮ್ ತಗೊಂಡ್ರಾಯ್ತಲ್ಲ?”

“ತಗೋಬಹುದು. ಹಾಗೆ ಬದಲಿ ಸಿಮ್ ತಗೊಂಡ ಮೇಲೆ ಒಂದು ದಿನ ಸಂದೇಶ ಬರಲ್ಲ. ಮೋಸ ಆಗ್ಬಾರದು ಅಂತ ಮಾಡಿರೋ ನಿಯಮ. ನಾಳೆ ಸಂಜೆಗೆ ಅವಳ ಗಡುವು. ಆ ಹುಡುಗನ್ನೇ ಹುಡುಕಿ ಮೊದ್ಲು. ನಾನು ಬೆಳಿಗ್ಗೆ ಬರ್ತೀನಿ.”

ಉಮೇಶ ಮೆಲ್ಲನೆ ಫೋನ್ ಇಟ್ಟ. ಆ ರಾತ್ರಿ ಊಟಕ್ಕೆ ಏನಿದೆಯೆಂದು ಕೇಳುವ ಧೈರ್ಯವೂ ಅವನಿಗೆ ಬರಲಿಲ್ಲ.

ಬೆಳಿಗ್ಗೆ ಯಶೋಧಕ್ಕ ಆಟೋ ಇಳಿಯುವುದಕ್ಕೂ, ತೀರ್ಥಹಳ್ಳಿ ಹೋಗಲು ಉಮೇಶ ಬೈಕ್ ಹೊರಗೆ ತೆಗೆಯುವುದಕ್ಕೂ, ಇನ್ನೊಂದು ಬೈಕ್ ಅಂಗಳಕ್ಕೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ದಿನೇಶ್! ಅವನ ಮುಖ ಹೇಮಾವತಿಯ ಮುಖಕ್ಕಿಂತ ಹೆಚ್ಚು ಸುಸ್ತಾಗಿತ್ತು.

“ಅಕ್ಕ, ಕೈ ಮುಗೀತೀನಿ. ಈ ಸಿಮ್ ತಗೊಂಡ್ಬಿಡಿ” ಎಂದು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. “ನಮ್ಮನೇಲಿ ನೆಟ್‌ವರ್ಕ್ ಬಂದು ಹೋಗ್ತಾ ಇರ್ತದೆ. ನಿನ್ನೆ ಮನೆಗೆ ಹೋಗಿ ಹಾಕ್ಕೊಂಡಿದ್ದೇ ತಡ, ಗ್ಯಾಸಿನೋನು ಫೋನ್ ಮಾಡ್ದ. ಆಮೇಲೆ ನಿಮ್ಮ ತಾಯಿ. ನಾನು ಹಲೋ ಅಂದ ಕೂಡ್ಲೇ ‘ಹೇಮಾ, ಧ್ವನಿ ಯಾಕೆ ಗಂಡಸಿನ ಥರ ಆಗಿದೆ, ಶೀತವಾ’ ಅಂತ ಕೇಳಿ, ಕಷಾಯ ಮಾಡೋದು ಪೂರ್ತಿ ಹೇಳಿಕೊಟ್ಟೇ ಫೋನ್ ಇಟ್ರು. ನನಗೆ ಬಾಯಿ ಬಿಡೋಕೆ ಜಾಗ ಸಿಗ್ಲಿಲ್ಲ.”

ಯಶೋಧಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅದಾದ್ರೂ ಪರವಾಗಿಲ್ಲ. ರಾತ್ರಿ ಬ್ಯಾಂಕಿನ ಸಂದೇಶ ಬಂತು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೇಳೋರು ಯಾರ ಹೆಸ್ರು? ನಂದೇ! ಆಮೇಲೆ ಒಬ್ರು ಗಿರಾಕಿ, ದುಡ್ಡು ಕೊಟ್ಟು ಎಷ್ಟು ದಿನ ಆಯ್ತು, ಚೀಲ ಎಲ್ಲಿ ಅಂತ ಜಗಳ. ಉಮೇಶಣ್ಣ, ಕೈತುಂಬ ಲಾಭ ಅಂದ್ರಿ. ನಂಗೆ ಕೈತುಂಬ ಬೈಗುಳ ಬಂತು. ಮುಂಗಡ ವಾಪಸ್ ಕೊಡಿ, ನಾನು ಹೊರಡ್ತೀನಿ.”

ಹೇಮಾವತಿ ಮೊದಲು ಸಿಮ್ ಹಾಕಿಕೊಂಡಳು. ಓಟಿಪಿ ಬಂತು. ದಾಖಲೆಗಳು ಒಂದೊಂದಾಗಿ ಹೋದವು. ಕೊನೆಯದು ಹೋದ ಮೇಲೆಯೇ ಅವಳು ಉಸಿರು ಬಿಟ್ಟದ್ದು. ಆದರೆ ಅಂಗಳದಲ್ಲಿ ಅತ್ತೆಯ ಅಂಗಡಿ ಕೈಜಾರುತ್ತಾ ನಿಂತಿತ್ತು.

“ದಿನೇಶ್, ಕೂತ್ಕೊಳ್ಳಿ. ನಿಮ್ಮ ಮುಂಗಡ ಇಲ್ಲೇ ಇದೆ, ಕವರ್ ಬಿಚ್ಚಿಲ್ಲ. ಒಂದು ಮಾತು ಕೇಳಿ, ಆಮೇಲೆ ಬೇಕಾದ್ರೆ ತಗೊಂಡ್ಹೋಗಿ. ಲಾಭ ಇಲ್ಲ. ಇದುವರೆಗೂ ಬಂದಿಲ್ಲ.”

“ಹೇಮಾ!” ಎಂದ ಉಮೇಶ.

“ನೀವು ಸುಮ್ನಿರಿ. ನಿನ್ನೆ ಮಾತಾಡಿದ್ದೇ ಸಾಕು.” ಅವಳು ದಿನೇಶನ ಕಡೆಗೇ ತಿರುಗಿದಳು. “ನಾನು ಒಂದೊಂದೇ ಪಾರ್ಸೆಲ್ ಕಳಿಸ್ತೀನಿ, ಕೊರಿಯರಿಗೆ ಜಾಸ್ತಿ ಬೀಳ್ತದೆ. ಡಬ್ಬ ಬಿಡಿಬಿಡಿಯಾಗಿ ತರ್ತೀನಿ. ನಷ್ಟ ಆಗೋದು ಅಲ್ಲೇ. ಆದ್ರೆ ಒಂದ್ಸಲ ತಗೊಂಡೋರು ಮತ್ತೆ ಕೇಳ್ಕೊಂಡು ಬರ್ತಾರೆ. ನಿಮಗೆ ಬೈದರಲ್ಲ, ಅವರೂ ಮತ್ತೆ ಬಂದೋರೇ. ಅವರ ಚೀಲ ಕಳ್ಸೋದು ನನ್ನ ಜವಾಬ್ದಾರಿ, ನಿಮ್ಮದಲ್ಲ.”

ದಿನೇಶ್ ಎದ್ದವನು ಮತ್ತೆ ಕೂತ. “ನನ್ನ ಅಂಗಡಿಯಿಂದ ದಿನಾ ಪಾರ್ಸೆಲ್ ಹೋಗ್ತದೆ ಅಕ್ಕ. ಡಬ್ಬ ರಾಶಿ ತರಿಸ್ತೀನಿ. ಇದೇ ನಷ್ಟ ಅಂದ್ರೆ ನನಗೆ ಅಷ್ಟು ತಾಗಲ್ಲ. ನಿನ್ನೆನೇ ಹೀಗೆ ಹೇಳಿದ್ರೆ ಆಗ್ತಿರ್ಲಿಲ್ವಾ?”

ಯಶೋಧಕ್ಕ ಉಮೇಶನ ಕಡೆ ತಿರುಗಿದರು. “ಕೇಳ್ದೆಯಾ? ಎಲ್ಲಿ ಸೋರ್ತಿದೆ ಅಂತ ಹೇಳಿದ್ರೆ ತಾನೆ ಮುಚ್ಚೋಕೆ ಬರ್ತದಾ ಇಲ್ವಾ ಅಂತ ಅವನಿಗೆ ಗೊತ್ತಾಗೋದು? ಪಂಪ್ ರಿಪೇರಿ ಮಾಡೋನಿಗೆ ಇದನ್ನ ನಾನು ಹೇಳ್ಬೇಕಾ?”

ಉಮೇಶ ಕುತ್ತಿಗೆ ಕೆರೆದುಕೊಂಡ. ಆದರೂ ಅವನಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. “ಅಲ್ಲ ಅಕ್ಕ, ಎಲೆ ಅಡಿಕೆ ಜತೆ ಕೊಟ್ಟಿದ್ದನ್ನ ವಾಪಸ್ ಇಟ್ಕೊಂಡ್ರೆ ಮಾತು ಮುರಿದ ಹಾಗಲ್ವಾ? ನಮ್ಮ ಮನೇಲಿ ಯಾವತ್ತೂ ಹಂಗಾಗಿಲ್ಲ.”

ಜಗುಲಿಯಲ್ಲಿದ್ದ ಕೆರಿಯಮ್ಮ ಎದ್ದಳು. ಬಾಗಿಲ ಪಕ್ಕದ ಗೂಟದಲ್ಲಿ ಒಂದು ಕಣ್ಣಿ ತೂಗುತ್ತಿತ್ತು. ಹೋದ ವರ್ಷ ಮಾರಿದ ಹಸುವಿನ ಕೊರಳಿಗೆ ಕಟ್ಟುತ್ತಿದ್ದ ಹಗ್ಗ. ಅದನ್ನು ತೆಗೆದು ಮಗನ ಮಡಿಲಿಗೆ ಹಾಕಿದಳು.

“ಹಸು ಕೊಟ್ಟಾಗ ಎಲೆ ಅಡಿಕೆ ಕೊಟ್ಟಿದ್ದು ಯಾರು?”

“ನಾನೇ.”

“ಕಣ್ಣಿ ಬಿಚ್ಕೊಂಡಿದ್ದು ಯಾರು?”

“...ನಾನೇ.”

“ತಗೊಂಡೋನು ಬೇಜಾರು ಮಾಡ್ಕೊಂಡ್ನಾ? ಅವನ ಕಣ್ಣಿ ಅವನು ತಂದಿದ್ದ. ಹಸು ಕೊಟ್ರೂ ಕಣ್ಣಿ ಕೊಡಬಾರ್ದು ಅಂತ ನಿಮ್ಮಪ್ಪ ಹೇಳಿದ್ದು ಹಸುಗೆ ಒಂದಕ್ಕೇನಾ? ಹೆಂಡ್ತಿ ಕಣ್ಣಿಯನ್ನೇ ತಟ್ಟೆಲಿ ಇಟ್ಟು ಕೊಟ್ಟೆಯಲ್ಲೋ, ಚಂದ ಕಾಣ್ತದೆ ಅಂತ!”

ಉಮೇಶ ಕಣ್ಣಿಯನ್ನು ಕೈಗೆ ಸುತ್ತಿಕೊಂಡ. ಆಮೇಲೆ ಅವನೇ ದಿನೇಶನಿಗೆ ಹೇಳಿದ: “ನಿನ್ನ ಹೆಸರಲ್ಲಿ ಹೊಸ ಸಿಮ್ ತಗೊಳ್ಳಪ್ಪ. ಹಳೇ ಗಿರಾಕಿಗಳಿಗೆಲ್ಲ ಹೊಸ ನಂಬರ್ ಇವಳೇ ತಿಳಿಸ್ತಾಳೆ. ನಿನ್ನೆ ಲಾಭ ಅಂದಿದ್ದು ನಂದು ತಪ್ಪು.”

ಯಶೋಧಕ್ಕ ಕಾಗದ ಬಿಡಿಸಿ ಕರಾರು ಬರೆಯತೊಡಗಿದರು. ಪುಟ ದಿನೇಶನಿಗೆ, ಫೋಟೊಗಳೂ ಅವನಿಗೆ. ಹೇಮಾವತಿಯ ನಂಬರು, ಬ್ಯಾಂಕ್ ಖಾತೆ ಅವಳಿಗೇ. ದುಡ್ಡು ಹಾಕಲು ಪುಟದಲ್ಲಿ ಅಂಟಿಸಿದ್ದ ಅವಳ ಕ್ಯೂಆರ್ ಕೋಡ್ ಅಂದೇ ತೆಗೆಯಬೇಕು. ಗಿರಾಕಿಗಳ ವಿಳಾಸ ಕೊಡುವ ಮೊದಲು ಅವರನ್ನೇ ಒಂದು ಮಾತು ಕೇಳಬೇಕು. ಮೊದಲು ದಿನೇಶನನ್ನೂ ಪುಟ ನಡೆಸುವವನಾಗಿ ಸೇರಿಸುವುದು. ಪೂರ್ತಿ ಹಣ ಖಾತೆಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಹೇಮಾವತಿ ಹೊರಗೆ ಬರುವುದು. ಬೆಲೆ ನಿನ್ನೆ ಹೇಳಿದ್ದಕ್ಕಿಂತ ಇಳಿಯಿತು. ಸತ್ಯದ ಬೆಲೆ ಅಷ್ಟೇ ಎಂದು ಹೇಮಾವತಿ ಒಪ್ಪಿಕೊಂಡಳು.

“ನನ್ನ ಹೆಸ್ರು?” ಎಂದಳು ಕೆರಿಯಮ್ಮ.

“ನೀವೂ ನಿಮ್ಮ ಜತೆಯವರೂ ಬರೆಯೋತನಕ ಆ ಹೆಸ್ರು. ನೀವು ಬೇಡ ಅಂದ ದಿನ ಬದಲಾಯಿಸ್ತೀನಿ. ಬರೀರಿ ಯಶೋಧಕ್ಕ, ಅದನ್ನೂ ಬರೀರಿ” ಎಂದ ದಿನೇಶ್.

“ಹಂಗಾದ್ರೆ ಪುಟ ತಗೋ. ಚಿತ್ತಾರ ಮಾತ್ರ ನಂದೂ ಅಲ್ಲ, ನಿಂದೂ ಅಲ್ಲ. ನಮ್ಮಜ್ಜಿ ಕಾಲದಿಂದ ಬಂದಿದ್ದು.”

ಎರಡನೇ ಸಲ ತಟ್ಟೆ ಬಂತು. ಎಲೆ, ಅಡಿಕೆ, ಸಹಿ ಮಾಡಿದ ಕಾಗದ. ದಿನೇಶ್ ಹೊರಟ ಮೇಲೆ ಹೇಮಾವತಿಯ ಫೋನ್ ಹೊಡೆದುಕೊಂಡಿತು. ತವರಿನಿಂದ ಅವಳ ಅಮ್ಮ.

“ಹೇಮಾ, ಕಷಾಯ ಕುಡಿದ್ಯಾ? ಈಗ ಧ್ವನಿ ಸರಿಯಾಗಿದೆ ನೋಡು!”

ಹೇಮಾವತಿ ಗಂಡನ ಮುಖ ನೋಡಿದಳು. ಉಮೇಶ ಕಣ್ಣಿಯನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದ, ಗಟ್ಟಿಯಾಗಿ ಇದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನಲ್ಲೂ ಹೀಗೊಂದು ಸಣ್ಣ ಅಂಗಡಿ ಇರಬಹುದು. ಉಪ್ಪಿನಕಾಯಿಯದೋ, ಹೊಲಿಗೆಯದೋ, ಹಪ್ಪಳದ್ದೋ. ಲಾಭ ಬಂದಿಲ್ಲವೆಂದು ನಾಚಿ ಅದನ್ನು ಮುಚ್ಚಬೇಡಿ, ಲಾಭ ಇದೆಯೆಂದು ಸುಳ್ಳು ಹೇಳಿ ಮಾರಲೂ ಬೇಡಿ. ನಂಬಿ ಬರುವ ಗಿರಾಕಿ ಇದ್ದರೆ ಅದಕ್ಕೂ ಬೆಲೆ ಇದೆ. ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಏನು ಕೊಡುತ್ತೀರಿ, ಏನು ಇಟ್ಟುಕೊಳ್ಳುತ್ತೀರಿ ಎಂಬುದನ್ನು ಬರೆದು, ಇಬ್ಬರೂ ಸಹಿ ಮಾಡಿ. ತಿಳಿಯದಿದ್ದರೆ ತಿಳಿದವರನ್ನು ಕೂರಿಸಿಕೊಳ್ಳಿ. ನಿಮ್ಮ ಸಿಮ್, ನಿಮ್ಮ ಓಟಿಪಿ, ನಿಮ್ಮ ಬ್ಯಾಂಕ್ ಖಾತೆ ಮಾತ್ರ ಎಷ್ಟೇ ಒಳ್ಳೆಯವರು ಕೇಳಿದರೂ ಕೊಡಬೇಡಿ. ಅಂಗಡಿಗೆ ಇವತ್ತೇ ಬೇರೆ ನಂಬರ್ ಮಾಡಿಕೊಳ್ಳಿ, ಮಾರುವ ದಿನ ಬರುವವರೆಗೆ ಕಾಯಬೇಡಿ.

ಹಸು ಹೋಗಲಿ, ಒಳ್ಳೆಯ ಕೊಟ್ಟಿಗೆ ಸೇರಲಿ. ಕಣ್ಣಿ ನಿಮ್ಮ ಮನೆಯ ಗೂಟದಲ್ಲೇ ಇರಲಿ.